ನಿಂತ ಮೇಲೆ ಗುದ್ದುವ ಗಾಡಿ: ಬಳ್ಳಾರಿಯ ಒಂದು ಜಾಯಿಂಟ್ ಅಂಗಡಿಯ ಕೆಲಸ ಹೇಗಿತ್ತು

ಗಾಡಿ ಪೂರ್ತಿ ನಿಂತು ಒಂದು ಉಸಿರು ಬಿಡುವಷ್ಟರಲ್ಲಿ, ಹಿಂದಿನಿಂದ ಯಾರೋ ಮೋಟಾರ್ ಸೈಕಲ್‌ನಲ್ಲಿ ಬಂದು ಗುದ್ದಿದಂತೆ ‘ಧಡ್’ ಎಂದು ಸದ್ದಾಗುತ್ತಿತ್ತು. ಮೊದಲ ಸಲ ಅದು ಕೇಳಿಸಿದ್ದು ಸಿರುಗುಪ್ಪ ರಸ್ತೆಯಲ್ಲಿ, ತೆಕ್ಕಲಕೋಟೆಯ ರಸ್ತೆ ಹಂಪಿನ (ಸ್ಪೀಡ್ ಬ್ರೇಕರಿನ) ಮುಂದೆ. ನಾನು ನಿಜಕ್ಕೂ ಜಗಳಕ್ಕೆ ಸಿದ್ಧನಾಗಿಯೇ ಇಳಿದು ಹಿಂದೆ ಹೋದೆ. ಅಲ್ಲಿದ್ದ ಟ್ರ್ಯಾಕ್ಟರ್ ಇನ್ನೂ ಹತ್ತು ಅಡಿ ದೂರದಲ್ಲಿತ್ತು, ಅದರ ಮೇಲೆ ಕುಳಿತವನು ‘ಏನಾಯ್ತ್ರಿ’ ಎನ್ನುವಂತೆ ನನ್ನ ಮುಖವನ್ನೇ ನೋಡುತ್ತಿದ್ದ. ಮತ್ತೆ ಹತ್ತಿ ಮೊದಲನೇ ಗೇರಿಗೆ ಹಾಕಿ ಹೊರಡುವಾಗ ಇನ್ನೊಂದು ಸಲ ಅದೇ ಸದ್ದು, ಈ ಸಲ ಸೀಟಿನ ಕೆಳಗೇ ಬಡಿದಂತೆ. ಆ ಸದ್ದು ಹೋಗಲು ಐದು ತಿಂಗಳು ಹಿಡಿಯಿತು. ಅದನ್ನು ಕೊನೆಗೆ ಹೋಗಲಾಡಿಸಿದ್ದು ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ರಸ್ತೆಯ ಬದಿಯಲ್ಲಿರುವ, ಬೋರ್ಡು ಕೂಡ ಇಲ್ಲದ ಒಂದು ತಗಡಿನ ಶೆಡ್ಡಿನ ಜಾಯಿಂಟ್ ಅಂಗಡಿ, ಅಂದರೆ ಗಾಡಿಯ ಶಾಫ್ಟು ಮತ್ತು ಅದರ ಜೋಡಣೆಗಳನ್ನಷ್ಟೇ ರಿಪೇರಿ ಮಾಡುವ ಅಂಗಡಿ. ಆ ಅಂಗಡಿಯ ಕೆಲಸದ ಗುಣದೋಷಗಳನ್ನು ದಾಖಲಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನದು ಬೀಜ ಮತ್ತು ಗೊಬ್ಬರದ ವ್ಯಾಪಾರ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಸೀಮೆಯ ಹಳ್ಳಿಗಳಿಗೆ ವಾರಕ್ಕೆ ನಾಲ್ಕು ದಿನವಾದರೂ ಹೋಗಬೇಕಾಗುತ್ತದೆ. ಗಾಡಿ ಹಳೆಯ ಜೀಪಿನ ಜಾತಿಯದು: ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ, ಹಿಂದೆ ಕಮಾನ್ ಪಟ್ಟಿ, ಗೇರ್ ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ (ಹಿಂದಿನ ಚಕ್ರಗಳ ನಡುವಿನ ಗೇರುಗಳ ಪೆಟ್ಟಿಗೆಗೆ) ಉದ್ದಕ್ಕೆ ಒಂದೇ ಪ್ರೊಪೆಲರ್ ಶಾಫ್ಟು, ಅಂದರೆ ಎಂಜಿನ್ನಿನ ಎಳೆತವನ್ನು ಹಿಂದಕ್ಕೆ ಒಯ್ಯುವ ತಿರುಗುವ ಕೊಳವೆ. ಗಾಡಿಯ ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಇಲ್ಲಿನ ತಪ್ಪು ಕಂಪನಿಯದಲ್ಲ, ನನ್ನದು. ಕಾಲುವೆ ನೀರು ಬಿಟ್ಟ ದಿನಗಳಲ್ಲಿ ಭತ್ತದ ಗದ್ದೆಯ ಬದುಗಳ ಮೇಲೆ ಓಡಾಡಿ, ಎರೆಮಣ್ಣು ಅಡಿಗೆ ಮೆತ್ತಿಕೊಂಡ ಗಾಡಿಯನ್ನು ವಾರವಾರ ವಾಟರ್ ಸರ್ವೀಸಿಗೆ ಬಿಟ್ಟು, ಒತ್ತಡದ ನೀರಿನಲ್ಲಿ ಅಡಿಭಾಗವನ್ನೆಲ್ಲ ತಿಕ್ಕಿಸಿ ತೊಳೆಸುತ್ತಿದ್ದೆ. ತೊಳೆಸಿದ ಮೇಲೆ ಗ್ರೀಸ್ ಹೊಡೆಸಬೇಕೆಂಬುದನ್ನು ಮಾತ್ರ ಎರಡು ವರ್ಷ ಮರೆತಿದ್ದೆ. ಗಾಡಿ ಮೇಲೆ ಫಳಫಳ ಹೊಳೆಯುತ್ತಿತ್ತು, ಅಡಿಯಲ್ಲಿ ಒಣಗಿತ್ತು.

ಈ ಅಂಗಡಿಗೆ ಬರುವ ಮೊದಲು ಎರಡು ಕಡೆ ತೋರಿಸಿದ್ದೆ. ಒಂದು ಗ್ಯಾರೇಜಿನಲ್ಲಿ ಗೇರ್ ಬಾಕ್ಸಿನ ಮೌಂಟಿಂಗ್ ರಬ್ಬರು ಹೋಗಿದೆ ಎಂದರು. ಅದನ್ನು ಬದಲಿಸಿ 2,600 ರೂಪಾಯಿ ಕೊಟ್ಟು ಹೊರಬಂದಾಗ, ಗೇಟಿನ ಹತ್ತಿರ ಬ್ರೇಕ್ ಒತ್ತಿದ ಕೂಡಲೇ ಸದ್ದು ನನ್ನನ್ನು ಬೀಳ್ಕೊಟ್ಟಿತು. ಇನ್ನೊಂದು ಕಡೆ ಗಾಡಿಯನ್ನು ಮೇಲೆತ್ತಿ, ಚಕ್ರವನ್ನು ಎರಡು ಸಲ ಅತ್ತಿತ್ತ ತಿರುಗಿಸಿ, ಕ್ರೌನ್ ಪಿನಿಯನ್ (ಹೌಸಿಂಗಿನೊಳಗಿನ ಗೇರಿನ ಜೋಡಿ) ಸವೆದಿದೆ, ಹೌಸಿಂಗ್ ಬಿಚ್ಚಬೇಕು, ಸಾಮಾನು ಸೇರಿ 18,000 ಆಗುತ್ತದೆ ಎಂದು ಹೇಳಿದರು. ಹಳೆಯ ಗಾಡಿಯ ಕ್ರೌನಿನಲ್ಲಿ ಸ್ವಲ್ಪ ಆಟ, ಅಂದರೆ ಹಲ್ಲುಗಳ ನಡುವೆ ಸಡಿಲು, ಇದ್ದೇ ಇರುತ್ತದೆ. ಆಟವಿದೆ ಎಂಬುದು ಸುಳ್ಳಲ್ಲ, ಆದರೆ ಸದ್ದಿಗೆ ಅದೇ ಕಾರಣವೇ ಎಂದು ಅವರು ನೋಡಲಿಲ್ಲ. ಕ್ರೌನಿನ ಆಟದ ಸದ್ದು ಆಕ್ಸಿಲರೇಟರ್ ಒತ್ತಿ ಬಿಡುವಾಗಲೆಲ್ಲ, ಓಡುತ್ತಿರುವಾಗಲೂ ಬರಬೇಕು. ನನ್ನ ಗಾಡಿ 60ರ ವೇಗದಲ್ಲಿ ಎಷ್ಟು ಸಲ ಕಾಲು ತೆಗೆದು ಒತ್ತಿದರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನಿಂತ ಮೇಲೆ ಒಂದು, ಹೊರಡುವಾಗ ಒಂದು, ಅಷ್ಟೇ. ಈ ವ್ಯತ್ಯಾಸವನ್ನು ನಾನೇ ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಜಾಯಿಂಟ್ ಅಂಗಡಿಯ ದಾರಿ ತೋರಿಸಿದವರು ನಮ್ಮ ಅಂಗಡಿಗೆ ಗೊಬ್ಬರ ತರುವ ಲಾರಿಯ ಚಾಲಕರು. ಸಂಡೂರಿನ ಕಡೆಯಿಂದ ಅದಿರು ಹೊತ್ತು ಬರುವ ಲಾರಿಗಳ ಕ್ರಾಸು (ಶಾಫ್ಟು ಓರೆಯಾಗಿದ್ದರೂ ತಿರುಗುವಂತೆ ಅದರ ತುದಿಯಲ್ಲಿರುವ ಕೂಡು ಗುರುತಿನ ಆಕಾರದ ಕೀಲು), ಸೆಂಟರ್ ಬೇರಿಂಗು, ಶಾಫ್ಟು ಇವಿಷ್ಟೇ ಆ ಅಂಗಡಿಯ ಕೆಲಸ. ಎಂಜಿನ್ನಿಗೆ ಕೈ ಹಾಕುವುದಿಲ್ಲ, ಬ್ರೇಕಿಗೆ ಕೈ ಹಾಕುವುದಿಲ್ಲ. ಗಾಡಿಯ ಅಡಿಗೆ ಇಳಿದು ಕೆಲಸ ಮಾಡಲು ಕಲ್ಲು ಚಪ್ಪಡಿ ಕಟ್ಟಿದ ಒಂದು ಗುಂಡಿ, ಒಂದು ಬೇವಿನ ಮರ, ಮರದ ಬುಡದಲ್ಲಿ ಸವೆದ ಕ್ರಾಸುಗಳ ಗುಡ್ಡೆ. ಎಲ್ಲದರ ಮೇಲೂ ಅದಿರಿನ ಕೆಂಪು ಧೂಳು. ಮೇಸ್ತ್ರಿಗೆ ಅರವತ್ತರ ಆಸುಪಾಸು, ಜೊತೆಗೆ ಕೆಲಸ ಕಲಿಯುತ್ತಿರುವ ಇಬ್ಬರು ಹುಡುಗರು.

ಅವರು ಗಾಡಿಯನ್ನು ನೋಡುವ ಮೊದಲು ನನ್ನನ್ನು ಕೇಳಿದ ಪ್ರಶ್ನೆಯೇ ಈ ಅಂಗಡಿಯ ಬಗ್ಗೆ ನನಗೆ ಭರವಸೆ ಮೂಡಿಸಿತು. “ಸಾವ್ಕಾರ್ರೇ, ನಿಂತ ಮ್ಯಾಲೆ ಹೊಡಿತೈತಾ, ಹೊಂಟಾಗ ಹೊಡಿತೈತಾ?” ಎರಡೂ ಎಂದೆ. “ರಿವರ್ಸ್ ಹಾಕಿದ ಕೂಡ್ಲೇ ಟಣ್ ಅಂತೈತಾ?” ಇಲ್ಲ ಎಂದೆ. “ಮೆಲ್ಲಕ ಓಡ್ಸೋವಾಗ ಇಲಿ ಕೂಗಿದಂಗೆ ಕಿಚಿಕಿಚಿ?” ಅದೂ ಇಲ್ಲ. ಕ್ರಾಸ್ ಸವೆದಿದ್ದರೆ ಮುಂದಕ್ಕೂ ಹಿಂದಕ್ಕೂ ಗೇರು ಬದಲಿಸುವಾಗ ಗಟ್ಟಿ ಲೋಹದ ಟಣತ್ಕಾರ ಬರುತ್ತದೆ. ಅದರೊಳಗಿನ ಸೂಜಿ ಬೇರಿಂಗು ಒಣಗಿದ್ದರೆ ನಿಧಾನವಾಗಿ ಹೋಗುವಾಗ ಶಾಫ್ಟಿನ ಸುತ್ತಿಗೆ ಸರಿಯಾಗಿ ಕಿಚಿಕಿಚಿ ಎನ್ನುತ್ತದೆ. ವೇಗ ಹೆಚ್ಚಾದಂತೆ ಗಾಡಿಯ ನೆಲವೇ ನಡುಗುತ್ತದೆ. ನನ್ನ ಉತ್ತರಗಳನ್ನು ಕೇಳಿದ ಮೇಲೆ ಅವರು ಹಿಂದೆ ಹತ್ತಿ, ಗೊಬ್ಬರದ ಚೀಲಗಳ ನಡುವೆ ನೆಲದ ಮೇಲೆಯೇ ಚಕ್ಕಳಮಕ್ಕಳ ಕುಳಿತು, ಅಂಗೈಯನ್ನು ತಗಡಿನ ಮೇಲೆ ಊರಿ, “ನಡೀರಿ” ಎಂದರು. ಒಂದು ಕಿಲೋಮೀಟರ್ ಹೋಗಿ ಬರುವಷ್ಟರಲ್ಲಿ ಆರು ಸಲ ನಿಲ್ಲಿಸಿದೆ. ಆರನೆಯದಕ್ಕೆ ಅವರು ಅಂಗೈಯನ್ನು ಎರಡು ಗೇಣು ಮುಂದಕ್ಕೆ ಸರಿಸಿ, “ಹೌಸಿಂಗ್ ಅಲ್ಲ, ಇಲ್ಲಿ ಜಾರೋ ಜಾಯಿಂಟು ಹಿಡಕಂಡೈತಿ” ಎಂದರು.

ಈ ಜಾರುವ ಜಾಯಿಂಟು, ಅಂದರೆ ಸ್ಲಿಪ್ ಜಾಯಿಂಟು, ಏಕೆ ಇರುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಇದು ಗೊತ್ತಿಲ್ಲದ ಕಾರಣಕ್ಕೇ ನಾನು ರಬ್ಬರಿಗೆ ಹಣ ತೆತ್ತದ್ದು. ಗೇರ್ ಬಾಕ್ಸು ಚಾಸಿಸ್ಸಿಗೆ ಬಿಗಿದುಕೊಂಡು ಒಂದೇ ಕಡೆ ಕುಳಿತಿರುತ್ತದೆ, ಆದರೆ ಹಿಂದಿನ ಹೌಸಿಂಗು ಕಮಾನ್ ಪಟ್ಟಿಯ ಮೇಲೆ ಸದಾ ಏಳುತ್ತ ಇಳಿಯುತ್ತ ಇರುತ್ತದೆ. ಹಂಪು ಹತ್ತಿದಾಗ ಪಟ್ಟಿ ಚಪ್ಪಟೆಯಾಗುತ್ತದೆ, ಬ್ರೇಕ್ ಒತ್ತಿದಾಗ ಗಾಡಿಯ ಮೂತಿ ಬಗ್ಗಿ ಹಿಂಭಾಗ ಮೇಲೇಳುತ್ತದೆ, ಎಳೆತ ಕೊಟ್ಟಾಗ ಹೌಸಿಂಗೇ ಸ್ವಲ್ಪ ತಿರುಚಿಕೊಂಡು ಅದರ ಮೂಗು ಮೇಲಕ್ಕೆ ನೋಡುತ್ತದೆ. ಹೀಗೆ ಗೇರ್ ಬಾಕ್ಸಿಗೂ ಹೌಸಿಂಗಿಗೂ ನಡುವಿನ ದೂರ ಗಳಿಗೆಗೊಮ್ಮೆ ಬದಲಾಗುವುದರಿಂದ ಶಾಫ್ಟು ಒಂದೇ ಉದ್ದದ ಕೊಳವೆಯಾಗಿದ್ದರೆ ಒಂದೋ ಅದು ಬಾಗಬೇಕು, ಇಲ್ಲವೇ ಗೇರ್ ಬಾಕ್ಸಿನ ಬೇರಿಂಗು ಒಡೆಯಬೇಕು. ಅದಕ್ಕಾಗಿಯೇ ಶಾಫ್ಟಿನ ಒಂದು ತುದಿಯಲ್ಲಿ ಉದ್ದುದ್ದನೆಯ ಹಲ್ಲುಗಳನ್ನು ಕೊರೆದು, ಅದೇ ಅಚ್ಚಿನ ಹಲ್ಲುಗಳಿರುವ ತೋಳಿನೊಳಗೆ, ಅಂದರೆ ಟೊಳ್ಳು ಕೊಳವೆಯೊಳಗೆ, ಅದನ್ನು ಕೂರಿಸಿರುತ್ತಾರೆ. ಎರಡೂ ಒಟ್ಟಿಗೇ ತಿರುಗುತ್ತವೆ, ಹಾಗೆಯೇ ಒಂದರೊಳಗೆ ಇನ್ನೊಂದು ಹಿಂದೆ ಮುಂದೆ ಜಾರುತ್ತದೆ.

ಅಲ್ಲಿ ಗ್ರೀಸ್ ಒಣಗಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಅಂಗಡಿಯ ಹಳೆಯ ಗಲ್ಲಾ ಪೆಟ್ಟಿಗೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ. ಮಳೆಗಾಲದಲ್ಲಿ ಅದರ ಮರದ ಖಾನೆ ಉಬ್ಬಿ ಹಿಡಿದುಕೊಳ್ಳುತ್ತದೆ. ಎಳೆದಷ್ಟೂ ಬರುವುದಿಲ್ಲ, ಇನ್ನಷ್ಟು ಬಲ ಹಾಕಿದರೆ ಒಮ್ಮೆಲೇ ಕಿತ್ತು ಬಂದು ಚಿಲ್ಲರೆಯೆಲ್ಲ ಝಲ್ಲೆನ್ನುತ್ತದೆ. ಒಣಗಿದ ಹಲ್ಲುಗಳೂ ಹಾಗೆಯೇ. ಬ್ರೇಕ್ ಒತ್ತುವಾಗ ಉದ್ದವಾಗಬೇಕಾದ ಶಾಫ್ಟು ಹಲ್ಲುಗಳ ಬಿಗಿತಕ್ಕೆ ಸಿಕ್ಕಿಕೊಂಡು ಅಲ್ಲಿಯೇ ನಿಲ್ಲುತ್ತದೆ, ಒತ್ತಡ ಕಮಾನ್ ಪಟ್ಟಿಯಲ್ಲಿ ಕೂಡಿಕೊಳ್ಳುತ್ತದೆ, ಗಾಡಿ ನಿಂತು ತಿರುಚುವ ಬಲ ಸಡಿಲವಾದ ಗಳಿಗೆಯಲ್ಲಿ ಹಿಡಿತ ತಪ್ಪಿ ಧಡ್ಡೆಂದು ಜಾರುತ್ತದೆ. ಹೊರಡುವಾಗ ಅದೇ ನಾಟಕ ತಿರುಗಾಮುರುಗಾ. ನಿಂತ ಮೇಲೆ ಬರುವ ಗುದ್ದು ಈ ಜಾಯಿಂಟಿನ ಹಸ್ತಾಕ್ಷರ ಎಂದು ಮೇಸ್ತ್ರಿ ನನಗೆ ಹೇಳಿದ್ದು ಬೇರೆ ಮಾತಿನಲ್ಲಿ: “ಕ್ರಾಸು ಗಾಡಿ ಓಡ್ವಾಗ ಅಳ್ತೈತಿ, ಇದು ನಿಂತ ಮ್ಯಾಲೆ ಅಳ್ತೈತಿ.”

ಇನ್ನು ಕೆಲಸದ ವಿಷಯ. ಗಾಡಿಯನ್ನು ಗುಂಡಿಯ ಮೇಲೆ ತಂದು, ಮುಂದಿನ ಚಕ್ರಗಳಿಗೆ ಎರಡೂ ಬದಿಯಲ್ಲಿ ಕಲ್ಲು ಕೊಟ್ಟು, ಗೇರು ತಪ್ಪಿಸಿ, ಹ್ಯಾಂಡ್ ಬ್ರೇಕ್ ಎಳೆದರು. ಮೊದಲು ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ, ಎತ್ತಿ, ಇಳಿಸಿ ನೋಡಿದರು. ಎರಡೂ ಕ್ರಾಸುಗಳು ಬಿಗಿಯಾಗಿದ್ದವು. ಕಮಾನ್ ಪಟ್ಟಿಯ ಬುಷ್ಷು, ಯು ಬೋಲ್ಟು, ಮೌಂಟಿಂಗು (ಹೊಸದು, ನನ್ನ 2,600ರದು) ಇವನ್ನೂ ಸನ್ನೆಕೋಲು ಹಾಕಿ ಮೀಟಿ ನೋಡಿದರು. ಆಮೇಲೆ ಜಾರುವ ಜಾಯಿಂಟಿನ ತೋಳಿನ ಮೇಲಿದ್ದ ಗ್ರೀಸ್ ನಿಪ್ಪಲ್ಲನ್ನು (ಗ್ರೀಸು ಹೊಡೆಯುವ ಸಣ್ಣ ಮೂತಿಯನ್ನು) ಹುಡುಕಿದರು. ಹುಡುಕಿದರು ಎನ್ನುವುದು ಸರಿಯಾದ ಮಾತು. ಎರೆಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ ಅದನ್ನು ಮುಚ್ಚಿತ್ತು. ಕೆರೆದು ತೆಗೆದಾಗ ನಿಪ್ಪಲ್ಲಿನ ತುದಿಯ ಗುಂಡು ತುಕ್ಕು ಹಿಡಿದು ಒಳಗೆ ಕೂತಿತ್ತು. ಬೇರೆ ಅಂಗಡಿಯಾಗಿದ್ದರೆ ಹೊಸ ನಿಪ್ಪಲ್ಲು ಹಾಕಿ ನಾಲ್ಕು ಸಲ ಪಂಪು ಹೊಡೆದು ಕಳಿಸಿಬಿಡುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಒಳಗೆ ನೀರು ಹೋಗಿದ್ದರೆ ಹೊಸ ಗ್ರೀಸು ಹಳೆಯ ಕೆಸರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ, ಬಿಚ್ಚಿಯೇ ತೊಳೆಯಬೇಕು ಎಂದರು.

ಬಿಚ್ಚುವ ಮೊದಲು ಗುರುತು. ಹುಡುಗ ಸೀಮೆಸುಣ್ಣ ತಂದ, ಮೇಸ್ತ್ರಿ ಗದರಿದರು, ಏಕೆಂದರೆ ಡೀಸೆಲ್ಲಿನಲ್ಲಿ ತೊಳೆದರೆ ಸೀಮೆಸುಣ್ಣ ಉಳಿಯುವುದಿಲ್ಲ. ಪಂಚು ತೆಗೆದುಕೊಂಡು ಹೌಸಿಂಗಿನ ಫ್ಲೇಂಜಿಗೂ (ಬೋಲ್ಟು ಬಿಗಿಯುವ ತಟ್ಟೆಗೂ) ಶಾಫ್ಟಿನ ಫ್ಲೇಂಜಿಗೂ ಎದುರುಬದುರು ಒಂದೊಂದು ಚುಕ್ಕಿ, ತೋಳಿಗೂ ಶಾಫ್ಟಿಗೂ ಎದುರುಬದುರು ಎರಡೆರಡು ಚುಕ್ಕಿ ಹೊಡೆದರು. ಈ ಚುಕ್ಕಿಗಳ ಮಹತ್ವ ದೊಡ್ಡದು. ಕ್ರಾಸ್ ಜಾಯಿಂಟು ಓರೆಯಲ್ಲಿ ತಿರುಗುವಾಗ ಒಂದು ಸುತ್ತಿಗೆ ಎರಡು ಸಲ ಆಚೆಯ ತುದಿಯ ವೇಗವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಇದು ಅದರ ಜಾತಕದಲ್ಲೇ ಇರುವ ದೋಷ, 1903ರಲ್ಲಿ ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಇದನ್ನು ಮೋಟಾರು ಗಾಡಿಗೆ ಹೊಂದಿಸಿ ಪೇಟೆಂಟ್ ಪಡೆದಾಗಲೂ ಇತ್ತು, ಈಗಲೂ ಇದೆ. ಶಾಫ್ಟಿನ ಎರಡು ತುದಿಯಲ್ಲಿ ಕ್ರಾಸನ್ನು ಹಿಡಿದಿರುವ ಕವಲುಗಳು ಒಂದೇ ನೇರದಲ್ಲಿದ್ದರೆ ಮುಂದಿನ ಕ್ರಾಸಿನ ಏರಿಳಿತವನ್ನು ಹಿಂದಿನದು ಅಳಿಸಿಹಾಕುತ್ತದೆ. ಜೋಡಿಸುವಾಗ ಒಂದು ಹಲ್ಲು ಆಚೀಚೆ ಕೂತರೂ ಆ ನೇರ ತಪ್ಪಿ, ಧಡ್ಡೆನ್ನುವ ರೋಗ ಹೋಗಿ ನಡುಗುವ ರೋಗ ಬರುತ್ತದೆ. ಮನೆಯಲ್ಲೇ ಈ ಕೆಲಸ ಮಾಡುವ ಉತ್ಸಾಹಿಗಳು ಎಡವುವುದು ಬಹುತೇಕ ಇಲ್ಲಿಯೇ.

ತೋಳಿನಿಂದ ಶಾಫ್ಟನ್ನು ಎಳೆದಾಗ ಅದು ಜಾರಿ ಬರಲಿಲ್ಲ, ಮರದ ಕೊಡತಿಯಲ್ಲಿ ತಟ್ಟಿ ತಟ್ಟಿ ಬಿಡಿಸಬೇಕಾಯಿತು. ಒಳಗಿದ್ದದ್ದು ಗ್ರೀಸ್ ಎಂದು ಹೇಳುವುದು ಕಷ್ಟ: ಹಳೆಯ ಬೆಲ್ಲದ ಪುಡಿಯಂತಹ ಕಂದು ಬಣ್ಣದ ತುಕ್ಕು, ಅದರ ನಡುವೆ ಮೇಣದಂತೆ ಬಿರುಸಾದ ಕಪ್ಪು ಪದರ. ಹಲ್ಲುಗಳ ಒಂದು ಮಗ್ಗುಲು ಬೆಳ್ಳಿಯಂತೆ ಹೊಳೆಯುತ್ತಿತ್ತು, ಇನ್ನೊಂದು ಮಗ್ಗುಲು ತುಕ್ಕು ಹಿಡಿದಿತ್ತು. ಗಾಡಿಯ ಎಳೆತವೆಲ್ಲ ಒಂದೇ ಮಗ್ಗುಲ ಮೇಲೆ ಬೀಳುವುದರಿಂದ ಹೀಗೆ. ಡೀಸೆಲ್ಲಿನಲ್ಲಿ ಅದ್ದಿ, ತಂತಿ ಬ್ರಷ್ಷಿನಿಂದ ಪ್ರತಿ ಸಂದನ್ನೂ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಗಾಳಿ ಹೊಡೆದು ಒಣಗಿಸಿದರು. ಆಮೇಲೆ ಮೇಸ್ತ್ರಿ ಹೆಬ್ಬೆರಳಿನ ಉಗುರನ್ನು ಹಲ್ಲಿನ ಮಗ್ಗುಲಿಗೆ ಊರಿ ಉದ್ದಕ್ಕೆ ಎಳೆದರು, ನನಗೂ ಎಳೆಯಲು ಹೇಳಿದರು. ಒಂದು ಕಡೆ ಉಗುರು ಕೂದಲೆಳೆಯಷ್ಟು ತಡೆಯಿತು. “ಇಷ್ಟು ಸವದೈತಿ. ಗ್ರೀಸು ಹಿಡಿತನ ಬಿಡಿಸ್ತೈತಿ, ಸವದಿದ್ದನ್ನ ತುಂಬಲ್ಲ. ಈಗಿಂದ ನೋಡ್ಕಂಡ್ರೆ ಇನ್ನೂ ನಾಕು ವರ್ಷ ನಡಿತೈತಿ,” ಎಂದರು. ಹೊಸ ಶಾಫ್ಟು ಮಾರುವ ಅವಕಾಶ ಕೈಯಲ್ಲಿದ್ದಾಗ ಹೀಗೆ ಹೇಳುವವರನ್ನು ನಾನು ವ್ಯಾಪಾರದಲ್ಲಿ ಹೆಚ್ಚು ಕಂಡಿಲ್ಲ, ನಾನೂ ಸದಾ ಹೀಗೆ ಇರುತ್ತೇನೆಂದು ಹೇಳಲಾರೆ.

ಗ್ರೀಸಿನ ಆಯ್ಕೆಯ ಬಗ್ಗೆ ಅಂಗಡಿಗೆ ಪೂರ್ತಿ ಅಂಕ ಕೊಡುತ್ತೇನೆ. ಶೆಡ್ಡಿನಲ್ಲಿ ಎರಡು ಡಬ್ಬಿಗಳಿದ್ದವು. ಕ್ರಾಸುಗಳಿಗೆ ಹೊಡೆದದ್ದು ಲಿಥಿಯಂ ಸಾಬೂನಿನ (ಎಣ್ಣೆಯನ್ನು ಗಟ್ಟಿಯಾಗಿಸಲು ಬೆರೆಸುವ ವಸ್ತುವಿನ) ಇಪಿ 2 ದರ್ಜೆಯ ಗ್ರೀಸು, ಅಂದರೆ ಭಾರೀ ಒತ್ತಡ ತಾಳುವ, ಬೆರಳಲ್ಲಿ ತೆಗೆದರೆ ಬೆಣ್ಣೆಯಂತೆ ನಿಲ್ಲುವ ಮಾಮೂಲಿ ಗ್ರೀಸು. ಜಾರುವ ಹಲ್ಲುಗಳಿಗೆ ಬಳಸಿದ್ದು ಮಾಲಿಬ್ಡಿನಂ ಡೈಸಲ್ಫೈಡ್ ಬೆರೆಸಿದ, ಸೀಸದ ಕಡ್ಡಿಯ ಪುಡಿಯಂತೆ ಕಪ್ಪಗೆ ಹೊಳೆಯುವ ಗ್ರೀಸು. ಅಂಗಡಿಯವರು ಇದನ್ನು ಮೋಲಿ ಎನ್ನುತ್ತಾರೆ. ಹಲ್ಲಿನ ಜಾಯಿಂಟಿನಲ್ಲಿ ಬೇರಿಂಗಿನಂತೆ ಉರುಳುವುದೇನೂ ಇಲ್ಲ, ಲೋಹದ ಮೇಲೆ ಲೋಹ ಭಾರ ಹೊತ್ತು ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಜಾರುತ್ತದೆ. ಅಂತಹ ಕಡೆ ಎಣ್ಣೆಯ ಭಾಗ ಹಿಂಡಿ ಹೊರಬಂದರೂ ಮಾಲಿಬ್ಡಿನಂ ಹರಳಿನ ತೆಳು ಪದರಗಳು ಇಸ್ಪೀಟು ಎಲೆಗಳಂತೆ ಒಂದರ ಮೇಲೊಂದು ಜಾರುತ್ತ ಲೋಹಗಳ ನಡುವೆ ಉಳಿಯುತ್ತವೆ. ಇದೇ ಗ್ರೀಸನ್ನು ಚಕ್ರದ ಬೇರಿಂಗಿಗೂ ಹಾಕಿಬಿಡಿ ಎಂದು ನಾನು ಅತಿಬುದ್ಧಿವಂತಿಕೆ ತೋರಿಸಿದೆ, ಅವರು ಬೇಡವೆಂದರು. ಗ್ರೀಸಿನ ಬಣ್ಣ ನೋಡಿ ಜಾತಿ ಹೇಳಲಾಗದು, ಡಬ್ಬಿಯ ಮೇಲಿನ ಬರಹ ಓದಬೇಕು, ಬೇರೆ ಬೇರೆ ಸಾಬೂನಿನ ಗ್ರೀಸುಗಳನ್ನು ಬೆರೆಸಿದರೆ ಕೆಲವು ಸಲ ಮಜ್ಜಿಗೆಯಂತೆ ತೆಳ್ಳಗಾಗಿ ಸೋರುತ್ತದೆ ಎಂಬುದನ್ನು ಗೊಬ್ಬರ ಮಾರುವ ನಾನು ಬೇಗ ಒಪ್ಪಿಕೊಂಡೆ. ಒಂದು ಎಚ್ಚರಿಕೆ: ಮೋಲಿ ಅಂಗಿಗೆ ತಾಗಿದರೆ ಅಂಗಿಯ ಆಸೆ ಬಿಡಬೇಕು. ನನ್ನ ಒಂದು ಬಿಳಿ ಅಂಗಿ ಈಗ ಗೋಡೌನಿನಲ್ಲಿ ಚೀಲ ಒರೆಸುತ್ತಿದೆ.

ಗ್ರೀಸ್ ತುಂಬುವ ಹೊತ್ತಿನಲ್ಲಿ ನಡೆದದ್ದನ್ನು ಬಿಡುವಂತಿಲ್ಲ. ಹುಡುಗ ತೋಳಿನ ಟೊಳ್ಳಿಗೆ ಅಂಗೈ ತುಂಬ ಗ್ರೀಸು ತುಂಬಿದ. ಮೇಸ್ತ್ರಿ ಅದರಲ್ಲಿ ಮುಕ್ಕಾಲು ಪಾಲನ್ನು ಬೆರಳಿನಿಂದ ಬಾಚಿ ತೆಗೆದು ಡಬ್ಬಿಯ ಮುಚ್ಚಳದ ಮೇಲೆ ಒರೆಸಿದರು. ಟೊಳ್ಳು ಪೂರ್ತಿ ತುಂಬಿದರೆ, ಗಾಡಿ ರಸ್ತೆಯ ಗುಂಡಿಗೆ ಇಳಿದು ಶಾಫ್ಟು ಒಳಕ್ಕೆ ಬರುವಾಗ ಗ್ರೀಸಿಗೆ ಹೋಗಲು ಜಾಗವಿರುವುದಿಲ್ಲ. ಸಿರಿಂಜಿನ ಬಾಯಿ ಮುಚ್ಚಿ ಒತ್ತಿದಂತಾಗಿ, ಆ ಒತ್ತಡ ತೋಳಿನ ತುದಿಯ ಮುಚ್ಚಳವನ್ನು ಹಾರಿಸುತ್ತದೆ, ಇಲ್ಲವೇ ಗೇರ್ ಬಾಕ್ಸಿನ ಬೇರಿಂಗನ್ನು ತಳ್ಳುತ್ತದೆ. ಇದಕ್ಕಾಗಿಯೇ ಆ ಮುಚ್ಚಳದಲ್ಲಿ ಸಾಸಿವೆ ಕಾಳಿನಷ್ಟು ಒಂದು ರಂಧ್ರ ಬಿಟ್ಟಿರುತ್ತಾರೆ. ನನ್ನ ಗಾಡಿಯ ರಂಧ್ರ ಮಣ್ಣು ತುಂಬಿ ಮುಚ್ಚಿಹೋಗಿತ್ತು. ಸೈಕಲ್ಲಿನ ಕಡ್ಡಿಯಿಂದ ಅದನ್ನು ಬಿಡಿಸಿದರು. ಹಲ್ಲುಗಳಿಗೆ ಬೆರಳಿನಿಂದ ತೆಳ್ಳಗೆ ಮೋಲಿ ಸವರಿ, ಚುಕ್ಕಿಗೆ ಚುಕ್ಕಿ ಹೊಂದಿಸಿ ಕೂರಿಸಿ, ಹೊಸ ನಿಪ್ಪಲ್ಲು ಹಾಕಿ ಗ್ರೀಸ್ ಗನ್ನಿನಿಂದ ನಿಧಾನವಾಗಿ ಹೊಡೆದರು. ಮೊದಲು ಆ ರಂಧ್ರದಲ್ಲಿ ಶಾವಿಗೆಯೆಳೆಯಂತೆ ಗ್ರೀಸು ಇಣುಕಿತು. ಆಗ ರಂಧ್ರವನ್ನು ಬೆರಳಿನಿಂದ ಒತ್ತಿ ಹಿಡಿದು ಇನ್ನೆರಡು ಸಲ ಒತ್ತಿದಾಗ, ಆಚೆಯ ತುದಿಯ ಧೂಳಿನ ಸೀಲಿನ ಸುತ್ತ ಹೊಸ ಗ್ರೀಸಿನ ಉಂಗುರ ಮೂಡಿತು. ಅಲ್ಲಿಗೆ ನಿಲ್ಲಿಸಿದರು. ಕ್ರಾಸುಗಳಿಗೂ ಹಾಗೆಯೇ, ಕ್ರಾಸಿನ ತುದಿಗಳನ್ನು ಮುಚ್ಚಿರುವ ನಾಲ್ಕೂ ಬಟ್ಟಲುಗಳ ಅಂಚಿನಲ್ಲಿ ಹೊಸ ಗ್ರೀಸು ಕಾಣುವವರೆಗೆ. ಒಂದು ಬಟ್ಟಲು ಹಟ ಹಿಡಿದಾಗ ಶಾಫ್ಟನ್ನು ಅತ್ತಿತ್ತ ಅಲ್ಲಾಡಿಸಿ ಮತ್ತೆ ಹೊಡೆದರು.

ಮೆಚ್ಚದ ಸಂಗತಿಗಳೂ ಇವೆ. ಫ್ಲೇಂಜಿನ ನಟ್ಟುಗಳು ತಾವಾಗಿ ಸಡಿಲವಾಗದಂತೆ ಒಳಗೆ ಹಿಡಿತವಿರುವ ಜಾತಿಯವು. ಒಮ್ಮೆ ಬಿಚ್ಚಿದ ಮೇಲೆ ಆ ಹಿಡಿತ ಕುಂದುತ್ತದೆ, ಹೊಸದು ಹಾಕುವುದೇ ಕ್ರಮ. ಮೇಸ್ತ್ರಿ ಹಳೆಯವನ್ನೇ ಹಾಕಲು ಹೊರಟಿದ್ದರು. ನಾನು ಪಟ್ಟು ಹಿಡಿದ ಮೇಲೆ ಹುಡುಗನನ್ನು ಕಳಿಸಿ ತರಿಸಿದರು, ಅದಕ್ಕೆ ಮುಖ ಸ್ವಲ್ಪ ಚಿಕ್ಕದಾಯಿತು. ಅಳತೆ ನೋಡಿ ಬಿಗಿಯುವ ಟಾರ್ಕ್ ಪಾನಾ ಅಂಗಡಿಯಲ್ಲಿಲ್ಲ. ಪಾನಾಕ್ಕೆ ಪೈಪು ಸಿಗಿಸಿ ಕೈಯ ಅಂದಾಜಿನಲ್ಲಿ ಬಿಗಿಯುತ್ತಾರೆ, ಇನ್ನೂರು ಕಿಲೋಮೀಟರ್ ಓಡಿಸಿ ಬಂದರೆ ಮತ್ತೊಮ್ಮೆ ಬಿಗಿದು ಕೊಡುತ್ತೇವೆ ಎನ್ನುತ್ತಾರೆ. ಹೋದೆ, ಬಿಗಿದು ಕೊಟ್ಟರು, ಹಣ ಕೇಳಲಿಲ್ಲ; ಆದರೂ ನಾಲ್ಕು ಬೋಲ್ಟುಗಳ ಮೇಲೆ ತಿರುಗುವ ಶಾಫ್ಟಿನ ವಿಷಯದಲ್ಲಿ ಅಂದಾಜು ಸಾಲದು ಎಂಬುದು ನನ್ನ ಅಭಿಪ್ರಾಯ. ಬಿಲ್ಲು ಕೇಳಿದರೆ ಸಿಗರೇಟು ಪ್ಯಾಕಿನ ಒಳಮೈಯಲ್ಲಿ ಬರೆದುಕೊಟ್ಟರು: ಕೂಲಿ 600, ಗ್ರೀಸು ಮತ್ತು ನಿಪ್ಪಲ್ಲು 150, ನಟ್ಟು 80, ಒಟ್ಟು 830 ರೂಪಾಯಿ. ಲೆಕ್ಕಕ್ಕೆ ಹಚ್ಚಬೇಕಾದವರಿಗೆ ಇದು ಉಪಯೋಗಕ್ಕೆ ಬಾರದು. ಕೂರಲು ಜಾಗವಿಲ್ಲ, ಲಾರಿ ಬಂದರೆ ಸಣ್ಣ ಗಾಡಿಯವರು ಕಾಯಬೇಕು, ನಾನು ಒಂದೂವರೆ ಗಂಟೆ ಬೇವಿನ ಮರದ ಕೆಳಗೆ ಸವೆದ ಕ್ರಾಸುಗಳನ್ನು ಎಣಿಸುತ್ತ ನಿಂತಿದ್ದೆ.

ಫಲಿತಾಂಶ. ಅಂಗಡಿಯಿಂದ ಹೊರಬಂದು ಮೊದಲ ಹಂಪಿನಲ್ಲಿ ನಿಲ್ಲಿಸಿದಾಗ, ಅಭ್ಯಾಸಬಲದಿಂದ ಮೈ ಬಿಗಿಹಿಡಿದು ಗುದ್ದಿಗಾಗಿ ಕಾದೆ. ಬರಲಿಲ್ಲ. ಕುಡತಿನಿಯವರೆಗೆ ಹೋಗಿ ಬಂದೆ, ಬರಲಿಲ್ಲ. ನಾಲ್ಕು ತಿಂಗಳು, ಸುಮಾರು 6,500 ಕಿಲೋಮೀಟರ್ ಆದ ಮೇಲೆ, ಒಂದು ಮಳೆಯ ವಾರ ಗದ್ದೆಯ ದಾರಿಗಳಲ್ಲಿ ಓಡಾಡಿದ ನಂತರ, ಬಾಗಿಲನ್ನು ಬೆರಳಿನಿಂದ ತಟ್ಟಿದಷ್ಟು ಮೆಲ್ಲಗೆ ಸದ್ದು ಮತ್ತೆ ಕೇಳಿಸಿತು. ಈ ಸಲ ಅಂಗಡಿಗೆ ಹೋಗದೆ, ನಾನೇ ಕೊಂಡ ಗ್ರೀಸ್ ಗನ್ನಿನಿಂದ, ರಂಧ್ರದ ಮೇಲೆ ಬೆರಳಿಟ್ಟು ಹೊಡೆದೆ. ಕಪ್ಪು ನೀರಿನಂತಹ ಹಳೆಯದು ಮೊದಲು ಹೊರಬಂತು, ಆಮೇಲೆ ಹೊಸದು, ಸದ್ದು ಅಡಗಿತು. ಈಗ ತಿಂಗಳಿಗೊಮ್ಮೆ, ಕೆಸರಿನ ದಿನಗಳಲ್ಲಿ ಪ್ರತಿ ವಾಟರ್ ಸರ್ವೀಸಿನ ಮರುದಿನ ಗ್ರೀಸು ಹೊಡೆಯುತ್ತೇನೆ, ನೀರು ಹೊಡೆಯುವ ಹುಡುಗನಿಗೆ ಆ ಸೀಲಿನ ಕಡೆ ಕೊಳವೆ ತಿರುಗಿಸಬೇಡ ತಮ್ಮಾ ಎಂದು ನಿಂತು ಹೇಳುತ್ತೇನೆ. ಉಗುರಿಗೆ ತಡೆದ ಆ ಸವಕಳಿ ಇನ್ನೂ ಅಲ್ಲೇ ಇದೆ, ಇರುತ್ತದೆ.

ಎಲ್ಲ ಗಾಡಿಗಳಿಗೂ ಈ ಚಿಕಿತ್ಸೆ ಹೊಂದುವುದಿಲ್ಲ. ನನ್ನ ಮಾತು ಕೇಳಿ ಅಲ್ಲಿಗೆ ಹೋದ ನಮ್ಮ ಪಕ್ಕದ ಅಂಗಡಿಯವರದು ಮುಂದಿನ ಚಕ್ರ ಎಳೆಯುವ ಸಣ್ಣ ಕಾರು. ಅದರಲ್ಲಿ ಹೀಗೆ ಉದ್ದಕ್ಕೆ ಹೋಗುವ ಶಾಫ್ಟೇ ಇಲ್ಲ, ಮೇಸ್ತ್ರಿ ಬಾನೆಟ್ಟನ್ನೂ ತೆರೆಸದೆ ವಾಪಸು ಕಳಿಸಿದರು. ಕೆಲವು ಗಾಡಿಗಳ ಜಾಯಿಂಟಿಗೆ ನಿಪ್ಪಲ್ಲೇ ಇರುವುದಿಲ್ಲ, ಬಿಚ್ಚಿ ಸವರುವುದೊಂದೇ ದಾರಿ. ಜೀಪು, ಪಿಕಪ್ಪು, ಟೆಂಪೋ ಇರುವವರು ಹೋಗಬಹುದು. ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಅದಿರಿನ ಲಾರಿಗಳಿಗಿಂತ ಮೊದಲು ಗುಂಡಿ ಸಿಗುತ್ತದೆ, ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ, ನಟ್ಟುಗಳನ್ನು ನೀವೇ ಕೊಂಡು ಹೋಗಿ, ಬಿಳಿ ಅಂಗಿ ಹಾಕಬೇಡಿ.